ಐವತ್ತು ಮೀಟರ್ ಕೆಳಗಿನ ಚಳಿಗಾಲ

ಬರ್ಗೆನ್, 11 ಅಕ್ಟೋಬರ್ 1983

ಮಾನ್ಯ ಹಿಲ್ಮಾರ್ ಎಲಿಯಾಸನ್ ಅವರಿಗೆ,

ನನ್ನ ಹೆಸರು ನಿಮಗೆ ನೆನಪಿರಬಹುದು, ಇಲ್ಲದಿರಬಹುದು. ಇಪ್ಪತ್ತೇಳು ವರ್ಷ ನೀವು ಲೋಮ್ವೊಯ್ ದ್ವೀಪದಿಂದ ಹದಿನೈದು ದಿನಕ್ಕೊಮ್ಮೆ ಕಳಿಸುತ್ತಿದ್ದ ನೀರಿನ ಪೆಟ್ಟಿಗೆಯನ್ನು ಬಿಚ್ಚುತ್ತಿದ್ದವಳು ನಾನು. ನೀವು ಅಲ್ಲಿ ಸಮುದ್ರದ ಬಿಸಿ ಅಳೆಯುತ್ತಿದ್ದಿರಿ, ನಾನು ಇಲ್ಲಿ ಅದೇ ನೀರಿನ ಉಪ್ಪು ಅಳೆಯುತ್ತಿದ್ದೆ. ನಿಮ್ಮ ಪೆಟ್ಟಿಗೆ ಬಂದ ದಿನ ಇಡೀ ಪ್ರಯೋಗಶಾಲೆ ಒಣಮೀನಿನ ವಾಸನೆ ಹೊಡೆಯುತ್ತಿತ್ತು. ಉಳಿದವರು ಕಿಟಕಿ ತೆಗೆಯುತ್ತಿದ್ದರು. ನನಗೆ ಮಾತ್ರ ಅದು ಹಬ್ಬದ ವಾಸನೆ. ಸೀಸೆಗಳಿಗೆ ಸುತ್ತಿದ ನಿಮ್ಮ ಉತ್ತರದ ಕಡೆಯ ಸುದ್ದಿಪತ್ರಿಕೆಗಳನ್ನು ನೆಟ್ಟಗೆ ಮಾಡಿ ಊಟದ ಹೊತ್ತಿನಲ್ಲಿ ಓದುತ್ತಿದ್ದೆ. ನಿಮ್ಮ ಕಡೆಯ ಮದುವೆ, ಸಾವು, ದೋಣಿ ಮಾರಾಟ ಎಲ್ಲವೂ ಮೂರು ವಾರ ತಡವಾಗಿ ನನಗೆ ಗೊತ್ತಾಗುತ್ತಿತ್ತು.

ಮುಂದಿನ ಬೇಸಿಗೆಗೆ ನನಗೆ ನಿವೃತ್ತಿ. ಅದಕ್ಕೆ ಮೊದಲು ಒಂದು ಕೆಲಸ ಬಾಕಿಯಿದೆ. ಕರಾವಳಿಯ ಎಲ್ಲ ಅಳತೆಗಳನ್ನೂ ಒಂದೇ ಪುಸ್ತಕವಾಗಿ ಅಚ್ಚು ಹಾಕುತ್ತಿದ್ದೇವೆ. ನಿಮ್ಮ ಇಪ್ಪತ್ತೇಳು ವರ್ಷಗಳಿಗೆ ಹನ್ನೆರಡು ಪುಟ ಮೀಸಲು. ತೊಡಕಿರುವುದು ಒಂದೇ ಕಡೆ, 1961-62ರ ಚಳಿಗಾಲದಲ್ಲಿ. ಆ ನವೆಂಬರಿನಿಂದ ಮಾರ್ಚ್‌ವರೆಗೆ ನಿಮ್ಮ ನೀರು ಎಲ್ಲ ಆಳದಲ್ಲೂ ಒಂದು ಡಿಗ್ರಿಗಿಂತ ಹೆಚ್ಚು ತಣ್ಣಗಿದೆ. ಹಿಂದೆಯೂ ಹಾಗಿಲ್ಲ, ಮುಂದೆಯೂ ಹಾಗಿಲ್ಲ.

ನನ್ನ ಮೇಲಧಿಕಾರಿ ಐವಿಂದ್ ಪಟ್ಟಿ ನೋಡಿದವರೇ, "ಆ ವರ್ಷ ಈ ಮನುಷ್ಯನಿಗೆ ಏನೋ ಆಗಿತ್ತು ರೀ, ಹೊಡೆದುಹಾಕಿ" ಎಂದರು. ನನಗೆ ಮನಸ್ಸು ಬರಲಿಲ್ಲ. ಪಶ್ಚಿಮದಿಂದ ಬರುವ ಬೆಚ್ಚನೆಯ ನೀರೂ ಧ್ರುವದ ಕಡೆಯಿಂದ ಇಳಿಯುವ ತಣ್ಣೀರೂ ಎದುರುಬದುರಾಗುವ ಗಡಿ ನಿಮ್ಮಿಂದ ಬಹಳ ಉತ್ತರಕ್ಕಿದೆ, ನಿಮಗೆ ಗೊತ್ತೇ ಇದೆ. ನಿಮ್ಮ ಅಂಕಿಗಳು ನಿಜವಾದರೆ ಆ ಚಳಿಗಾಲ ಆ ಗಡಿ ಜಾರಿಕೊಂಡು ನಿಮ್ಮ ಹೊಸ್ತಿಲಿಗೇ ಬಂದಿತ್ತು ಎಂದಾಯಿತು. ಅದಕ್ಕೆ ಬೇರೆ ಸಾಕ್ಷಿಯಿಲ್ಲ, ನೀವೊಬ್ಬರೇ. ಏನಾದರೂ ನೆನಪಿದೆಯೇ?

ಯೋರ್ಡಿಸ್ ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಸುನ್ನಿವಾ ಮೆಲ್ದೆ


ಲೋಮ್ವೊಯ್, 29 ಅಕ್ಟೋಬರ್ 1983

ಸುನ್ನಿವಾ ಮೆಲ್ದೆ ಅವರಿಗೆ,

ನಿಮ್ಮನ್ನು ಮರೆಯುವುದುಂಟೇ. ಖಾಲಿ ಪೆಟ್ಟಿಗೆ ವಾಪಸ್ಸು ಬರುವಾಗ ಅದರಲ್ಲಿ ನಿಮ್ಮ ಊರಿನ ಮಳೆಯ ಮುಗ್ಗಲು ವಾಸನೆ ಇರುತ್ತಿತ್ತು. ಲೆಕ್ಕ ಸರಿಹೋಯಿತು.

ಯೋರ್ಡಿಸ್ ಹೋಗಿ ನಾಲ್ಕು ವರ್ಷವಾಯಿತು. ಎದೆಯ ತೊಂದರೆ. ನಿಮಗೆ ತಿಳಿಸುವವರು ಯಾರಿದ್ದರು, ನಿಮ್ಮ ತಪ್ಪಲ್ಲ.

ಆ ಚಳಿಗಾಲವನ್ನು ಹೊಡೆದುಹಾಕಿ. ನನಗೆ ಮೈ ಸರಿಯಿರಲಿಲ್ಲ, ಓದುವುದರಲ್ಲಿ ತಪ್ಪಾಗಿರಬೇಕು. ಉಳಿದ ಇಪ್ಪತ್ತಾರು ವರ್ಷ ಗಟ್ಟಿಯಾಗಿವೆ, ಅದಕ್ಕೆ ನಾನು ಜವಾಬ್ದಾರಿ. ಇಲ್ಲಿ ಸುದ್ದಿಯೇನಿಲ್ಲ. ಈ ಸಲ ಮೊಲ್ಟೆ ಹಣ್ಣು ಚೆನ್ನಾಗಿ ಬಿಟ್ಟಿತ್ತು. ಒಬ್ಬನೇ ಎಷ್ಟು ತಿನ್ನಲಿ, ಅರ್ಧ ಹಕ್ಕಿಗಳ ಪಾಲಾಯಿತು.

ಹಿಲ್ಮಾರ್ ಎಲಿಯಾಸನ್


ಬರ್ಗೆನ್, 20 ನವೆಂಬರ್ 1983

ಪ್ರಿಯ ಹಿಲ್ಮಾರ್ ಅವರೇ,

ಯೋರ್ಡಿಸ್ ಅವರ ವಿಷಯ ಓದಿ ಬಹಳ ನೋವಾಯಿತು. ಅವರನ್ನು ನಾನು ನೋಡಿದವಳಲ್ಲ. ಆದರೂ ಸೀಸೆಯ ಬಿರಡೆಗೆ ಬಟ್ಟೆ ಸುತ್ತಿ ಕಟ್ಟಿದ ಗಂಟು ನೋಡಿದರೆ ಇದು ಹೆಂಗಸಿನ ಕೈ ಎಂದು ಗೊತ್ತಾಗುತ್ತಿತ್ತು.

ಅಂಕಿಗಳನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡಬೇಡಿ. ನನಗೂ ಒಂದು ಮಾತು ಹೇಳುವುದಿದೆ. ಆ ಚಳಿಗಾಲದ ನೀರಿಗೆ ಬೆಳ್ಳಿಯ ದ್ರಾವಣವನ್ನು ತೊಟ್ಟು ತೊಟ್ಟಾಗಿ ಬಿಟ್ಟು ಉಪ್ಪು ಕಂಡುಹಿಡಿದವಳು ನಾನು. ಅದೂ ಕಡಿಮೆಯಿತ್ತು. ಧ್ರುವದ ನೀರು ತಣ್ಣಗಷ್ಟೇ ಅಲ್ಲ, ಸಪ್ಪೆಯೂ ಹೌದು. ಐವಿಂದ್‌ಗೆ ಹೇಳಿದರೆ, "ಬಿರಡೆ ಸಡಿಲ ಇತ್ತೇನೋ, ಮಳೆನೀರು ಸೇರಿರಬೇಕು" ಎನ್ನುತ್ತಾರೆ. ಹಿಮ ಬೀಳುವ ಕಾಲದಲ್ಲಿ ಮಳೆನೀರು! ನಿಮ್ಮ ಥರ್ಮಾಮೀಟರ್ ಸುಳ್ಳು ಹೇಳಿದ್ದರೆ ನನ್ನ ಉಪ್ಪೂ ಅದೇ ವಾರ, ಅದೇ ಸೀಸೆಯಲ್ಲಿ, ಅದೇ ಸುಳ್ಳನ್ನು ಯಾಕೆ ಹೇಳಬೇಕು?

ಇನ್ನೊಂದು ಮಾತು. ಬರೆಯಲು ಸ್ವಲ್ಪ ನಾಚಿಕೆಯಾಗುತ್ತದೆ. ಆ ಚಳಿಗಾಲ ಮಾತ್ರ ನೀವು ಪಟ್ಟಿಯ ಅಂಚಿನಲ್ಲಿ ಒಂದೆರಡು ಸಾಲು ಬರೆಯುತ್ತಿದ್ದಿರಿ. ನಾನು ಖಾಲಿ ಪೆಟ್ಟಿಗೆಯಲ್ಲಿ ಚೀಟಿಯಿಟ್ಟು ಉತ್ತರಿಸುತ್ತಿದ್ದೆ. ಮುಂದಿನ ಪಟ್ಟಿಯಲ್ಲಿ ಅದಕ್ಕೆ ನಿಮ್ಮ ಮರುಮಾತು ಇರುತ್ತಿತ್ತು. ಆಗ ನನಗೆ ನಲವತ್ತು ವರ್ಷ. ಅಮ್ಮ ತೀರಿಕೊಂಡಿದ್ದರು, ಮನೆಗೆ ಹೋದರೆ ಮಾತಾಡಿಸುವವರಿಲ್ಲ. ಹದಿನೈದು ದಿನಕ್ಕೊಮ್ಮೆ ಬರುವ ಆ ಎರಡು ಸಾಲಿಗೆ ನಾನು ಎಷ್ಟು ಕಾಯುತ್ತಿದ್ದೆನೆಂದು ಇಂದಿನವರೆಗೆ ಯಾರಿಗೂ ಹೇಳಿಲ್ಲ. ಏಪ್ರಿಲ್‌ನಲ್ಲಿ ಸಾಲುಗಳು ಇದ್ದಕ್ಕಿದ್ದಂತೆ ನಿಂತವು. ನಾನು ಸಲಿಗೆ ಮೀರಿದೆ, ಯೋರ್ಡಿಸ್ ಅವರಿಗೆ ಬೇಸರವಾಯಿತು ಎಂದುಕೊಂಡು ನಾನೂ ಚೀಟಿ ನಿಲ್ಲಿಸಿದೆ.

ಕೆಲವನ್ನು ಇಲ್ಲಿ ನಕಲು ಮಾಡಿದ್ದೇನೆ. ಹೀಗೆ ನೋಡುತ್ತಿದ್ದ ಮನುಷ್ಯ ಪಾದರಸದ ಗೆರೆಯನ್ನು ತಪ್ಪಾಗಿ ಓದಿದ ಎಂದರೆ ನಾನು ನಂಬುವುದಿಲ್ಲ.

14 ನವೆಂಬರ್: ನೀರಿನ ಬಣ್ಣ ಇವತ್ತು ಬೇರೆ. ಹಸಿರು ಹೋಗಿ ಬೂದು ಬಂದಿದೆ. ಥರ್ಮಾಮೀಟರ್ ಆಮೇಲೆ ಹೇಳಿತು, ಕಣ್ಣಿಗೆ ಮೊದಲೇ ಗೊತ್ತಾಗಿತ್ತು.

12 ಡಿಸೆಂಬರ್: ಮಧ್ಯಾಹ್ನದ ಮಬ್ಬಿನಲ್ಲಿ ಸಮುದ್ರದ ಮೇಲೆ ನೊರೆಯ ಗೆರೆ, ಯಾರೋ ಹಿಟ್ಟು ಚೆಲ್ಲುತ್ತ ಹೋದ ಹಾಗೆ. ಗೆರೆಯ ಈಚೆ ಹಕ್ಕಿಗಳು ಒತ್ತಾಗಿ ಕೂತಿವೆ. ಆಚೆ ಒಂದೂ ಇಲ್ಲ.

9 ಜನವರಿ: ಎರಡನೇ ಚರಣದಲ್ಲಿ ಕೆಮ್ಮು ಬಂತು. ಮತ್ತೆ ಮೊದಲಿನಿಂದ ಹಾಡಿದೆ.

6 ಫೆಬ್ರವರಿ: ಉಪ್ಪು ಕಡಿಮೆ ಎಂದು ಬರೆದಿದ್ದೀರಿ. ನಾಲಿಗೆಗೆ ಹಚ್ಚಿ ನೋಡಿದೆ, ನನಗೆ ತಿಳಿಯಲಿಲ್ಲ. ನಿಮ್ಮ ನಾಲಿಗೆ ಚುರುಕು. ಮನೆಯಲ್ಲಿ ಒಂದು ಬಟ್ಟಲು ಸುಮ್ಮನೆ ಮೊಳೆಗೆ ನೇತಾಡುತ್ತಿದೆ, ಅದನ್ನು ನೋಡದೆ ಕಾಫಿ ಕುಡಿಯುವುದು ಕಲಿಯಬೇಕು.

ಜನವರಿಯ ಸಾಲು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಫೆಬ್ರವರಿಯದು ಓದಿ, ಯೋರ್ಡಿಸ್ ಅವರು ಮನೆ ಬಿಟ್ಟು ಹೋಗಿದ್ದರೇನೋ ಎಂದು ಅನುಮಾನಪಟ್ಟಿದ್ದೆ. ಅದಕ್ಕೆ ಕ್ಷಮಿಸಿ.

ಸುನ್ನಿವಾ


ಬರ್ಗೆನ್, 15 ಜನವರಿ 1984

ಪ್ರಿಯ ಹಿಲ್ಮಾರ್ ಅವರೇ,

ಎಂಟು ವಾರವಾಯಿತು. ಕ್ರಿಸ್ಮಸ್‌ಗೆ ಒಂದು ಕಾರ್ಡ್ ಕೂಡ ಬರಲಿಲ್ಲ. ನಾನು ಬರೆಯಬಾರದ್ದನ್ನು ಬರೆದೆನೆಂದು ಕಾಣುತ್ತದೆ. ಹಾಗಿದ್ದರೆ ಆ ಪುಟ ಹರಿದುಹಾಕಿ, ಅಂಕಿಯ ಮಾತಿಗಷ್ಟೇ ಉತ್ತರ ಕೊಡಿ. ಮಾರ್ಚ್ ಕೊನೆಗೆ ಐವಿಂದ್‌ಗೆ ಪಟ್ಟಿ ಒಪ್ಪಿಸಬೇಕು. ಒಬ್ಬಂಟಿಯಾಗಿ ಕತ್ತಲ ತಿಂಗಳು ಕಳೆಯುತ್ತಿದ್ದೀರಿ, ಆರೋಗ್ಯ ಹೇಗಿದೆಯೆಂದಾದರೂ ತಿಳಿಸಿ.

ಸುನ್ನಿವಾ


ಲೋಮ್ವೊಯ್, 2 ಫೆಬ್ರವರಿ 1984

ಸುನ್ನಿವಾ ಅವರೇ,

ನೀವು ಬರೆಯಬಾರದ್ದೇನನ್ನೂ ಬರೆದಿಲ್ಲ. ನನಗೆ ಕೈ ಬರಲಿಲ್ಲ, ಅಷ್ಟೇ.

ಆ ಸಾಲುಗಳು ನನ್ನವಲ್ಲ. ನಿಮ್ಮ ಲಕೋಟೆ ಬಿಚ್ಚುವವರೆಗೆ ಅಂಥವು ಇವೆಯೆಂದೇ ನನಗೆ ಗೊತ್ತಿರಲಿಲ್ಲ. ನಾನು ಅವನ್ನು ಅಡುಗೆಮನೆಯ ಮೇಜಿನ ಮುಂದೆ ನಿಂತೇ ಓದಿದೆ. ಆ ಬಟ್ಟಲು ನನ್ನದು. ಬರೆದವಳು ಯೋರ್ಡಿಸ್.

61ರ ಅಕ್ಟೋಬರ್ ಕೊನೆಯಲ್ಲಿ ಬಲೆ ಎಳೆಯುವ ರಾಟೆಗೆ ನನ್ನ ಬಲಗೈ ಸಿಕ್ಕಿತು. ಮೂರು ಬೆರಳು ಅಲ್ಲೇ ಹೋದವು. ಆಮೇಲೆ ಕೀವು, ಜ್ವರ, ಟ್ರೊಮ್ಸ ಆಸ್ಪತ್ರೆಯಲ್ಲಿ ಮಾರ್ಚ್ ಮುಗಿಯುವವರೆಗೆ. ಅಳೆಯುವವನು ಬದಲಾದರೆ ಮೊದಲು ನಿಮಗೆ ಬರೆದು ಒಪ್ಪಿಗೆ ಪಡೆಯಬೇಕೆಂದು ನಿಯಮವಿತ್ತು. ಬರೆದರೆ ಕೆಲಸ ಬೇರೆಯವರ ಪಾಲಾಗುತ್ತದೆಂದು ಹೆದರಿದೆ. ಹಡಗುಕಟ್ಟೆಯಲ್ಲಿ ಸ್ಟ್ರೆಚರಿನ ಮೇಲೆ ಮಲಗಿ ಅದನ್ನೇ ಗೊಣಗುತ್ತಿದ್ದೆ. ಯೋರ್ಡಿಸ್ ಕಂಬಳಿ ಸರಿಮಾಡುತ್ತ, "ಬಾಯಿ ಮುಚ್ಕೊಂಡು ಮಲಕ್ಕೋ. ನಾನು ಹೋಗ್ತೀನಿ" ಎಂದಳು. "ನಿನಗೇನು ಗೊತ್ತು?" ಎಂದೆ. "ಹನ್ನೆರಡು ವರ್ಷದಿಂದ ನಿನ್ನ ಸೀಸೆ ತೊಳೀತಾ ಇರೋಳು ಯಾರು, ಪಾದ್ರಿನಾ?" ಎಂದಳು.

ಅವಳ ಅಕ್ಕ ಆಲ್ಮಾ ಎಂಜಿನ್ ನೋಡಿಕೊಂಡಳು. ಇಬ್ಬರೂ ಆ ಕತ್ತಲಲ್ಲಿ ಹತ್ತು ಸಲ ಹೋಗಿಬಂದರು. ತಂತಿಗೆ ಸೀಸೆ ಕಟ್ಟಿ ಇಳಿಸಿ, ಥರ್ಮಾಮೀಟರಿಗೆ ನೀರಿನ ಚಳಿ ಹತ್ತುವವರೆಗೆ ಕಾದು, ಹಿತ್ತಾಳೆಯ ಗುಂಡನ್ನು ತಂತಿಯ ಮೇಲೆ ಜಾರಿಬಿಟ್ಟು ಸೀಸೆಯನ್ನು ಬುಡಮೇಲು ಮಾಡಿ, ಪಾದರಸ ತುಂಡಾಗಿ ನಿಂತದ್ದನ್ನು ಮೇಲೆ ತಂದು ಓದಿ, ಎಲ್ಲವನ್ನೂ ನನ್ನ ಹೆಸರಿನಲ್ಲಿ ನಿಮಗೆ ಕಳಿಸಿದಳು.

ನಾನು ಮನೆಗೆ ಬಂದ ದಿನವೇ ಅವಳ ಪುಸ್ತಕ ತೆಗೆದೆ. ಅದರಲ್ಲಿ ಬರೀ ಅಂಕಿಗಳಿದ್ದವು. ಅಂಥ ತಣ್ಣನೆಯ ಅಂಕಿಗಳನ್ನು ನಾನು ಯಾವತ್ತೂ ಬರೆದವನಲ್ಲ. ಕೂಗಾಡಿದೆ. "ಪಾದರಸ ಓದೋಕೆ ಬರದೋಳು ನನ್ನ ಹೆಸರಿಗೆ ಮಸಿ ಬಳಿದೆಯಲ್ಲೇ! ನಾನು ಕಟ್ಟಿದ್ದನ್ನೆಲ್ಲ ಕೆಡಿಸಿಬಿಟ್ಟೆ" ಎಂದೆ. ಅವಳು, "ನಾನು ನೋಡಿದ್ದನ್ನೇ ಬರ್ದಿದೀನಿ, ಹಿಲ್ಮಾರ್" ಎಂದಳು. ಅಷ್ಟೇ. ಆಮೇಲೆ ಅವಳು ದೋಣಿಗೆ ಕಾಲಿಡಲಿಲ್ಲ. ಸಾಲುಗಳು ಯಾಕೆ ನಿಂತವೆಂದು ನಿಮಗೆ ಈಗ ತಿಳಿಯಿತಲ್ಲ.

ಹೊಡೆದುಹಾಕಿ ಎಂದು ಬರೆದದ್ದು ಅದಕ್ಕೇ. ಅವಳ ತಪ್ಪು ಪುಸ್ತಕದಲ್ಲಿ ಅಚ್ಚಾಗಿ ಜನ ನಗುವುದು ಬೇಡ. ಅಂಕಿ ತೆಗೆದುಹಾಕಿ. ಮೂಲ ಕಾಗದಗಳನ್ನು ಮಾತ್ರ, ಸಾಧ್ಯವಾದರೆ, ನನಗೆ ಕಳಿಸಿ. ಅವಳ ಕೈಬರಹ ನನ್ನ ಹತ್ತಿರ ಬಹಳ ಇಲ್ಲ.

ಹಿಲ್ಮಾರ್


ಬರ್ಗೆನ್, 19 ಫೆಬ್ರವರಿ 1984

ಹಿಲ್ಮಾರ್ ಅವರೇ,

ನಿಮ್ಮ ಮೇಲೆ ನನಗೆ ಸಿಟ್ಟು ಬಂದಿದೆ, ಅದನ್ನು ಮುಚ್ಚಿಡುವುದಿಲ್ಲ. ಇಪ್ಪತ್ತೆರಡು ವರ್ಷ ನಾನು ಬೇರೊಬ್ಬರಿಗೆ ಕೃತಜ್ಞಳಾಗಿದ್ದೆ. ಆ ಚಳಿಗಾಲ ಅಕ್ಷರ ಬೇರೆಯಿದ್ದದ್ದು ಕಂಡಿತ್ತು, ಚಳಿಗೆ ಮರಗಟ್ಟಿದ ಕೈ ಎಂದುಕೊಂಡಿದ್ದೆ. ನನ್ನ ಅತ್ಯಂತ ಕೆಟ್ಟ ಚಳಿಗಾಲದಲ್ಲಿ ಜೊತೆಗಿದ್ದವಳು ಯೋರ್ಡಿಸ್. ಆಕೆ ಬದುಕಿರುವಾಗ ನನಗದು ತಿಳಿಯಲಿಲ್ಲ. ನಾನು ಒಂದು ಚೀಟಿ ಹೆಚ್ಚು ಬರೆದಿದ್ದರೆ ಸಾಕಿತ್ತು. ಹೆಂಡತಿಗೆ ಬೇಸರವಾದೀತೆಂದು ಬಿಟ್ಟೆ. ನನ್ನ ಬುದ್ಧಿಗಿಷ್ಟು!

ಆ ಗಡಿಯನ್ನು ನಾನು ಕಣ್ಣಾರೆ ಕಂಡದ್ದು ಬದುಕಿನಲ್ಲಿ ಒಮ್ಮೆ ಮಾತ್ರ. 53ರ ಮೇ ತಿಂಗಳಲ್ಲಿ ಹೆಂಗಸರನ್ನು ಹಡಗಿಗೆ ಹತ್ತಿಸಿದ ಒಂದೇ ಒಂದು ಯಾನ. ಅರ್ಧ ಗಂಟೆಯಲ್ಲಿ ನೀರು ನಾಲ್ಕು ಡಿಗ್ರಿಯಿಂದ ಸೊನ್ನೆಗಿಂತ ಕೆಳಗಿಳಿಯಿತು, ಮಂಜು ಎದ್ದಿತು, ಅಡುಗೆಯವನು ಸೌಟು ಹಿಡಿದುಕೊಂಡೇ ಕೋಟು ಹುಡುಕಿ ಓಡಿದ. ಆ ಅರ್ಧ ಗಂಟೆಯನ್ನು ನಾನು ಮೂವತ್ತು ವರ್ಷದಿಂದ ನೆನೆಸಿಕೊಳ್ಳುತ್ತಿದ್ದೇನೆ. ನೊರೆಯ ಗೆರೆ, ಒಂದು ಬದಿಗೆ ಮಾತ್ರ ಕೂತ ಹಕ್ಕಿಗಳು, ಎಲ್ಲ ಯೋರ್ಡಿಸ್ ಬರೆದ ಹಾಗೆಯೇ ಇತ್ತು. ಕಾಣದವರು ಅದನ್ನು ಬರೆಯಲಾರರು.

ಇನ್ನು ಅಂಕಿಯ ಮಾತು. ಪ್ರತಿ ಸೀಸೆಗೂ ಎರಡು ಥರ್ಮಾಮೀಟರ್ ಇರುತ್ತಿದ್ದವು. ಆಕೆಯ ಹತ್ತೂ ಪಟ್ಟಿಗಳಲ್ಲಿ ಎರಡೂ ಒಂದನ್ನೊಂದು ಒಪ್ಪುತ್ತವೆ. ಓದಲು ಬರದವರಿಗೆ ಅದು ಸಾಧ್ಯವಿಲ್ಲ. ನಿಮ್ಮ ಪಟ್ಟಿಗಳಲ್ಲೂ ಒಪ್ಪುತ್ತವೆ, ಅದಕ್ಕೇ ನಾವು ಯಾರೂ ಯಾವತ್ತೂ ಅನುಮಾನಿಸಲಿಲ್ಲ. ಆದರೆ ನೀರಿನ ಚಳಿ ಹತ್ತುವ ಮೊದಲೇ ಸೀಸೆಯನ್ನು ಬುಡಮೇಲು ಮಾಡಿದರೆ ಎರಡೂ ಒಂದೇ ರೀತಿ ತಪ್ಪುತ್ತವೆ.

ಕೇಳಲೇಬೇಕಾಗಿದೆ. ಗುಂಡು ಬಿಡುವ ಮೊದಲು ಏಳು ನಿಮಿಷ ಕಾಯಬೇಕೆಂದು ನಿಯಮ. ನೀವು ಎಷ್ಟು ಕಾಯುತ್ತಿದ್ದಿರಿ?

ಸುನ್ನಿವಾ


ಲೋಮ್ವೊಯ್, 4 ಮಾರ್ಚ್ 1984

ಸುನ್ನಿವಾ ಮೆಲ್ದೆ ಅವರಿಗೆ,

ಬೆಚ್ಚನೆಯ ಕೋಣೆಯಲ್ಲಿ ಕೂತು ಕೇಳುವ ಪ್ರಶ್ನೆ ಇದು. ಇಪ್ಪತ್ತೇಳು ವರ್ಷ ನಾನು ಏಳು ನಿಮಿಷ ಕಾದಿದ್ದೇನೆ. ಗಡಿಯಾರ ನೋಡಿ ಅಲ್ಲ. ಹಿಮ ಕಟ್ಟಿದ ಕೈಗವಸಿನಲ್ಲಿ ಗಡಿಯಾರ ಹಿಡಿಯುವವನು ಎರಡು ಸಲ ಹಿಡಿಯುತ್ತಾನೆ, ಮೂರನೇ ಸಲ ಅದು ಸಮುದ್ರದ ತಳದಲ್ಲಿರುತ್ತದೆ. ನಮ್ಮ ಕಡೆ ಕಾಯುವುದನ್ನು ಕೀರ್ತನೆಯಿಂದ ಅಳೆಯುತ್ತಾರೆ. ಮೊದಲ ವರ್ಷ ಕಲಿಸಲು ಬಂದ ನಿಮ್ಮವರ ಮುಂದೆಯೇ ಏಳು ಚರಣದ ಒಂದು ಕೀರ್ತನೆ ಹಾಡಿ ತೋರಿಸಿದೆ. ಅವರು ಗಡಿಯಾರ ನೋಡಿ, "ಏಳೂಕಾಲು ನಿಮಿಷ! ನೀನೇ ಗಡಿಯಾರ ಕಣಯ್ಯಾ" ಎಂದು ಬೆನ್ನು ತಟ್ಟಿದರು. ಅಂದಿನಿಂದ ಪ್ರತಿ ಸೀಸೆಗೂ ಏಳು ಚರಣ. ಒಂದು ಚರಣ ಬಿಟ್ಟಿಲ್ಲ.

ನೀವು ಹುಡುಕುವ ತಪ್ಪು ಇಲ್ಲಿಲ್ಲ.

ಹಿ. ಎಲಿಯಾಸನ್

9 ಮಾರ್ಚ್. ಗಾಳಿ ಜೋರಾಗಿ ಅಂಚೆ ದೋಣಿ ಬರಲಿಲ್ಲ, ಪತ್ರ ಇಲ್ಲೇ ಉಳಿಯಿತು. ಇವತ್ತು ಆಲೂಗಡ್ಡೆ ಬೇಯಲಿಟ್ಟು, ಕಿಟಕಿಯ ಹೊರಗೆ ನೋಡುತ್ತ, ದೋಣಿಯಲ್ಲಿ ಗುನುಗುತ್ತಿದ್ದಂತೆಯೇ ಆ ಕೀರ್ತನೆ ಗುನುಗಿದೆ. ಎದುರಿಗೆ ಗೋಡೆ ಗಡಿಯಾರವಿತ್ತು. ಏಳು ಚರಣ ಮುಗಿದಾಗ ಮೂರು ನಿಮಿಷವೂ ಆಗಿರಲಿಲ್ಲ. ಗಡಿಯಾರ ನಿಂತಿದೆಯೇನೋ ಎಂದು ಕಿವಿಯಿಟ್ಟು ಕೇಳಿದೆ. ನಡೆಯುತ್ತಿತ್ತು. ಮತ್ತೆ ಹಾಡಿದೆ, ಅಷ್ಟೇ ಆಯಿತು.

ದಿನವೂ ನಡೆಯುವ ದಾರಿ ಗಿಡ್ಡವಾಗುತ್ತದೆ. ಹಾಡಿಗೂ ಹಾಗೇ ಆಗಿದೆ. ಯಾವ ವರ್ಷದಿಂದ ಎಂದು ನನಗೆ ಗೊತ್ತಿಲ್ಲ. ಯೋರ್ಡಿಸ್‌ಳ ಮನೆಯವರು ಹಳೆಯ ಪ್ರಾರ್ಥನಾಮಂದಿರದ ಜನ. ಅಲ್ಲಿ ಒಂದೊಂದು ಅಕ್ಷರವನ್ನೂ ನೂಲಿನಂತೆ ಎಳೆದು ಹಾಡುತ್ತಾರೆ, ಕೆಮ್ಮು ಬಂದರೆ ಮತ್ತೆ ಮೊದಲಿನಿಂದ. ಪತ್ರವನ್ನು ಹೀಗೇ ಕಳಿಸುತ್ತಿದ್ದೇನೆ. ಮೇಲಿನ ಸಿಟ್ಟನ್ನು ಹೊಡೆದುಹಾಕಿಲ್ಲ. ನಾನು ಎಂಥವನೆಂದು ನೀವೂ ನೋಡಿ.


ಬರ್ಗೆನ್, 18 ಮಾರ್ಚ್ 1984

ಪ್ರಿಯ ಹಿಲ್ಮಾರ್,

ಅವಸರ ಬೇಡ. ಆಲೂಗಡ್ಡೆಯ ಮುಂದೆ ಹಾಡಿದ್ದು ಪ್ರಮಾಣವಾಗುವುದಿಲ್ಲ. ಇದರ ಜೊತೆ ಎರಡು ಸೀಸೆ, ನಾಲ್ಕು ಥರ್ಮಾಮೀಟರ್ ಕಳಿಸಿದ್ದೇನೆ. ನಿಮ್ಮ ಹಳೆಯ ರಾಟೆ, ತಂತಿ ಇನ್ನೂ ಇದ್ದರೆ ಎರಡೂ ರೀತಿ ಅಳೆದು ನೋಡಬಹುದು.

ಅಳೆಯದೆಯೂ ಇರಬಹುದು. ಪರಿಣಾಮ ಏನೆಂದು ಮೊದಲೇ ತಿಳಿಸುವುದು ನನ್ನ ಧರ್ಮ. ಐವತ್ತರ ದಶಕದಲ್ಲಿ ನಿಮ್ಮ ನೀರು ಚಳಿಗಾಲದಿಂದ ಚಳಿಗಾಲಕ್ಕೆ ಸ್ವಲ್ಪ ಸ್ವಲ್ಪವೇ ಬೆಚ್ಚಗಾಗುತ್ತ ಹೋಗಿದೆ. ಗಡಿ ಉತ್ತರಕ್ಕೆ ಸರಿಯಿತು ಎಂದು ಅದನ್ನು ನಂಬಿ ಐವಿಂದ್ ದೊಡ್ಡ ಲೇಖನವನ್ನೇ ಬರೆದಿದ್ದಾರೆ. ಸರಿದದ್ದು ಗಡಿಯಲ್ಲ, ನಿಮ್ಮ ಹಾಡು ಎಂದಾದರೆ ನಿಮ್ಮ ಹನ್ನೆರಡು ಪುಟಗಳ ತಲೆಯ ಮೇಲೂ 'ಸಂದೇಹ' ಎಂಬ ಗುರುತು ಬೀಳುತ್ತದೆ. ಇಡೀ ಕರಾವಳಿಯಲ್ಲಿ ನಿಮ್ಮದೇ ಅತ್ಯಂತ ಉದ್ದದ, ಅತ್ಯಂತ ಅಚ್ಚುಕಟ್ಟಾದ ಪಟ್ಟಿ ಎಂದು ನಾವೆಲ್ಲ ಹೇಳಿಕೊಂಡು ಬಂದಿದ್ದೇವೆ.

ಸುಮ್ಮನಿದ್ದರೆ ಆಕೆಯ ಚಳಿಗಾಲ ಅಳಿಸಿಹೋಗುತ್ತದೆ, ನಿಮ್ಮದೆಲ್ಲ ಉಳಿಯುತ್ತದೆ. ನನ್ನನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ. ನಿಮಗೆ ಎಪ್ಪತ್ತೆರಡು ವರ್ಷ. ನಿಮ್ಮ ಪತ್ರವನ್ನು ಒಲೆಗೆ ಹಾಕೆಂದರೆ ಹಾಕುತ್ತೇನೆ, ಆಮೇಲೆ ಒಂದು ಮಾತೂ ಆಡುವುದಿಲ್ಲ. ಐವಿಂದ್‌ಗೆ ಹೇಳಿ ಏಪ್ರಿಲ್ ಕೊನೆಯವರೆಗೆ ಪಟ್ಟಿ ತಡೆಹಿಡಿದಿದ್ದೇನೆ.

ಸುನ್ನಿವಾ


ಲೋಮ್ವೊಯ್, 22 ಏಪ್ರಿಲ್ 1984

ಪ್ರಿಯ ಸುನ್ನಿವಾ,

ಒಂದು ತಿಂಗಳು ನಿಮ್ಮ ಪೆಟ್ಟಿಗೆಯನ್ನು ಬಿಚ್ಚದೆ ಕಾಲ್ಮಣೆ ಮಾಡಿಕೊಂಡು ಕೂತಿದ್ದೆ. ಒಲೆಗೆ ಹಾಕಿ ಎಂದು ಎರಡು ಸಲ ಬರೆದೆ, ಎರಡು ಸಲವೂ ಆ ಪತ್ರಗಳೇ ಒಲೆಗೆ ಹೋದವು. ಮೊನ್ನೆ ಸಮುದ್ರ ಶಾಂತವಾಗಿತ್ತು. ಆಲ್ಮಾಳ ಬಾಗಿಲು ತಟ್ಟಿದೆ. ಅವಳಿಗೆ ಎಪ್ಪತ್ತೈದು, ಮೊಣಕಾಲು ಮಡಚುವುದಿಲ್ಲ, ನಾಲಿಗೆ ಮಾತ್ರ ಚೆನ್ನಾಗಿ ಮಡಚುತ್ತದೆ.

"ದೋಣಿಗೆ ಬಾ, ಹಾಡಬೇಕು" ಎಂದೆ.

"ಹೆಂಡತಿ ಸತ್ತು ಐದು ವರ್ಷ ಆಗ್ತಾ ಬಂತು, ಈಗ ಅತ್ತಿಗೆ ಬೇಕಾಯ್ತಾ ಹಾಡೋಕೆ?" ಎಂದಳು. ಬಂದಳು.

ಚಳಿಗಾಲದಲ್ಲಿ ಹೇಗೋ ಹಾಗೆಯೇ ಮಾಡಿದೆ. ಸೀಸೆಗಳು ಹೆಪ್ಪುಗಟ್ಟದಿರಲೆಂದು ದೋಣಿಯ ಕೋಣೆಯಲ್ಲಿ ಒಲೆಯ ಪಕ್ಕ ಇಟ್ಟು, ಬೆಚ್ಚಗಿರುವಾಗಲೇ ತಂತಿಗೆ ಕಟ್ಟಿ ಇಳಿಸಿದೆ. ಐವತ್ತು ಮೀಟರಿಗೆ ಮೊದಲು ನನ್ನ ಹಾಡು. ಮೇಲೆ ತಂದು ಓದಿದೆ: 3.9. ಮತ್ತೆ ಒಲೆಯ ಪಕ್ಕ ಇಟ್ಟು ಬೆಚ್ಚಗೆ ಮಾಡಿ, ಅದೇ ಆಳಕ್ಕೆ ಇಳಿಸಿ, "ಈಗ ನೀನು, ಯೋರ್ಡಿಸ್ ಜೊತೆ ಹಾಡ್ತಿದ್ದ ಹಾಗೆ" ಎಂದೆ. ಆಲ್ಮಾ ಕಣ್ಣು ಮುಚ್ಚಿಕೊಂಡಳು. ಮೂರನೇ ಚರಣಕ್ಕೆ ಬರುವಷ್ಟರಲ್ಲಿ ನನಗೆ ಕಾಲು ಮರಗಟ್ಟಿತ್ತು. "ಬೇಗ ಮುಗಿಸೇ" ಎಂದೆ. ಒಂದು ಕಣ್ಣು ತೆರೆದು, "ದೇವರಿಗೆ ಅವಸರ ಇಲ್ಲ, ನಿನಗೇನೋ?" ಎಂದು ಆ ಚರಣವನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡಳು. ಓದಿದೆ: 3.5. ಆರು ಸಲ ಅಳೆದೆ. ಆರು ಸಲವೂ ನಾಲ್ಕು ಹತ್ತಾಂಶದ ಅಂತರ ಅಲುಗಲಿಲ್ಲ. ಅವಳ ಗಂಟಲು ಕೂತುಹೋಯಿತು. ಪಟ್ಟಿ ಇದರೊಳಗಿದೆ.

ಹೆಂಡತಿಗೆ ಓದಲು ಬರುತ್ತಿತ್ತು. ಕಾಯಲು ಬಾರದವನು ನಾನು. ಮೂರು ಬೆರಳು ಹೋದ ಗಂಡನನ್ನು ಐದು ತಿಂಗಳು ಕಾದವಳಿಗೆ, ಬಂದ ದಿನವೇ, ನಿನಗೆ ಬರುವುದಿಲ್ಲ ಎಂದೆ. ಇದನ್ನು ನೆನೆದರೆ ನನ್ನ ಮೇಲೇ ನನಗೆ ಹೇಸಿಗೆಯಾಗುತ್ತದೆ.

ಪತ್ರವನ್ನು ಒಲೆಗೆ ಹಾಕಬೇಡಿ. ಐವಿಂದ್ ಅವರಿಗೆ ಕೊಡಿ. ನನ್ನ ಪುಟಗಳ ಮೇಲೆ ಏನು ಗುರುತು ಹಾಕಬೇಕೋ ಹಾಕಿ, ಅವಳ ಚಳಿಗಾಲವನ್ನು ಅಚ್ಚು ಮಾಡಿ.

ಹಿಲ್ಮಾರ್


ಬರ್ಗೆನ್, 30 ಮೇ 1984

ಪ್ರಿಯ ಹಿಲ್ಮಾರ್,

ಐವಿಂದ್ ನಿಮ್ಮ ಪಟ್ಟಿ ಓದಿ ಟೋಪಿ ಹಾಕಿಕೊಂಡು ಮಳೆಯಲ್ಲಿ ಹೊರಗೆ ಹೋದರು. ಒಂದು ಗಂಟೆ ಬಿಟ್ಟು ತೊಪ್ಪೆಯಾಗಿ ಬಂದು, "ನನ್ನ ಲೇಖನ ಹೋಯ್ತು. ಇರಲಿ ಬಿಡಿ. ಆ ಹೆಂಗಸು ಎಷ್ಟು ಚೆನ್ನಾಗಿ ಅಳೆದಿದಾಳೆ ರೀ!" ಎಂದರು. ಅವರ ಮೇಲಿದ್ದ ನನ್ನ ಹಳೆಯ ಮುನಿಸೆಲ್ಲ ಅಲ್ಲಿಗೆ ಮುಗಿಯಿತು.

ಲೆಕ್ಕ ಹೀಗೆ ನಿಂತಿದೆ. ಆಕೆಯ ಚಳಿಗಾಲ ಉಳಿದವಕ್ಕಿಂತ ಒಂದು ಡಿಗ್ರಿ ಮತ್ತು ಒಂದು ಹತ್ತಾಂಶ ತಣ್ಣಗಿತ್ತು. ಅದರಲ್ಲಿ ನಾಲ್ಕು ಹತ್ತಾಂಶ ನಿಮ್ಮ ಅವಸರದ್ದು. ಉಳಿದ ಏಳು ಹತ್ತಾಂಶ ನಿಜವಾದ ಚಳಿ. ಉಪ್ಪೂ ಅದನ್ನೇ ಹೇಳುತ್ತದೆ. ಗಡಿ ನಿಜಕ್ಕೂ ಬಂದಿತ್ತು. ನವೆಂಬರಿನಲ್ಲಿ ಬಂದು, ಮಾರ್ಚ್ ಕೊನೆಗೆ ಹಿಂದಕ್ಕೆ ಹೋಗಿತ್ತು. ಅದು ಬಂದದ್ದನ್ನು ಈ ಭೂಮಿಯ ಮೇಲೆ ಕಂಡು ಬರೆದಿಟ್ಟವಳು ಒಬ್ಬಳೇ. ನಿಮ್ಮ ಬೇಸಿಗೆಗಳಿಗೆ ತೊಂದರೆಯಿಲ್ಲ, ಆಗ ಸೀಸೆಗಳು ಒಲೆಯ ಪಕ್ಕ ಇರುತ್ತಿರಲಿಲ್ಲ. ಚಳಿಗಾಲಗಳ ಮೇಲೆ ಮಾತ್ರ 'ಸುಮಾರು ಅರ್ಧ ಡಿಗ್ರಿಯವರೆಗೆ ಬೆಚ್ಚಗೆ' ಎಂಬ ಟಿಪ್ಪಣಿ ಬರುತ್ತದೆ.

ಕರಡು ಪುಟ ಕಳಿಸಿದ್ದೇನೆ, ತಿದ್ದಿ ಕಳಿಸಿ. ಮೂಲ ಕಾಗದಗಳೂ ಇದರೊಳಗಿವೆ. ಅವನ್ನು ಕೊಡುವುದು ಕಷ್ಟವಾಯಿತು, ಆದರೂ ಅವು ನಿಮ್ಮವು. ಆಕೆ ಕೂತು ಬರೆದ ಮೇಜನ್ನು ನೋಡಬೇಕೆಂಬ ಆಸೆಯಿದೆ. ನಿವೃತ್ತಿಯಾದ ಮೇಲೆ, ಆಗಸ್ಟ್‌ನಲ್ಲಿ, ಬರಬಹುದೇ?

ಸುನ್ನಿವಾ


ಲೋಮ್ವೊಯ್, 24 ಜೂನ್ 1984

ಪ್ರಿಯ ಸುನ್ನಿವಾ,

ಬನ್ನಿ. ಮೇಜು ಅದೇ ಇದೆ. ಮಂಚ ಕಿರಿದು, ಊಟಕ್ಕೆ ಮೀನು ಬಿಟ್ಟರೆ ಮೀನು.

ಕರಡು ಪುಟವನ್ನು ಆಲ್ಮಾಳಿಗೆ ಓದಿ ಹೇಳಿದೆ. ಟಿಪ್ಪಣಿಯನ್ನೂ ಬಿಡದೆ ಓದಿದೆ. ಅವಳು ಕಾಫಿ ಕೆಳಗಿಟ್ಟು, "ಅಂತೂ ತಿಳೀತಾ ನಿನಗೆ" ಎಂದಳು.

"ಅಂತೂ ಅಂದ್ರೆ?"

"ಅವಳಿಗೆ ಅವತ್ತೇ ಗೊತ್ತಿತ್ತು ಕಣೋ. ನೀನು ಕೂಗಾಡಿದ ಮಾರನೇ ವಾರ ಅಳೆಯೋಕೆ ಹೋದೆಯಲ್ಲ, ದೋಣಿ ಎದುರಿಗೇ ಇತ್ತು. ಕಟ್ಟೆ ಮೇಲೆ ನಿಂತು ಕೈಯಲ್ಲಿ ಗಡಿಯಾರ ಹಿಡ್ಕೊಂಡು ನೋಡಿದ್ಲು, ನೀನು ಸೀಸೆ ಇಳಿಸಿದ್ದು ಯಾವಾಗ, ಗುಂಡು ಬಿಟ್ಟಿದ್ದು ಯಾವಾಗ ಅಂತ. ಮೂರು ನಿಮಿಷ ಆಲ್ಮಾ, ಮೂರೇ ನಿಮಿಷ ಅಂದ್ಲು. ನಾನೇ ಹೇಳಿದೆ, ಹೋಗಿ ಮುಖದ ಮೇಲೆ ಹೇಳು, ನಿನ್ನನ್ನ ಅಷ್ಟೆಲ್ಲ ಅಂದವನಿಗೆ ಅಂತ."

"ಯಾಕೆ ಹೇಳಲಿಲ್ಲ?"

ಆಲ್ಮಾ ನನ್ನ ಬಲಗೈಯನ್ನು ನೋಡಿದಳು. "ಬಲೆ ಎಳೆಯೋಕೆ ಆಗಲ್ಲ, ಚಾಕು ಹಿಡಿಯೋಕೆ ಆಗಲ್ಲ, ಅವನಿಗೆ ಉಳಿದಿರೋದು ಅದೊಂದೇ ಕೆಲಸ. ಅದೂ ಬರಲ್ಲ ಅಂತ ನಾನು ಹೇಳಲಾ, ಅಂದ್ಲು."

ಆಮೇಲೆ ಹದಿನಾಲ್ಕು ವರ್ಷ ಅವಳು ನನ್ನ ಸೀಸೆಗಳನ್ನು ತೊಳೆದು, ಬಟ್ಟೆ ಸುತ್ತಿ, ದೋಣಿಯವರೆಗೆ ತಂದುಕೊಟ್ಟಳು. ನಾನು ಗುನುಗುತ್ತ ಹೋಗುತ್ತಿದ್ದೆ. ನಾನು ದಡ ಬಿಟ್ಟ ಮೇಲೂ ಅವಳು ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತಿದ್ದಳು. ನನ್ನ ಮೇಲಿನ ಕಾಳಜಿ ಎಂದುಕೊಂಡಿದ್ದೆ. ಕಾಳಜಿಯೇ ಆಗಿತ್ತು, ನಾನು ಅಂದುಕೊಂಡದ್ದಕ್ಕಿಂತ ಬಹಳ ದೊಡ್ಡದು.

ಪುಟದಲ್ಲಿ ಒಂದೇ ತಿದ್ದುಪಡಿ ಮಾಡಿದ್ದೇನೆ. 1961-62ರ ಎದುರಿಗೆ 'ಹಿಲ್ಮಾರ್ ಎಲಿಯಾಸನ್, ಸಹಾಯಕಿ ಯೋರ್ಡಿಸ್ ಎಲಿಯಾಸನ್' ಎಂದು ಬಿದ್ದಿದೆ. ನನ್ನ ಹೆಸರನ್ನೂ 'ಸಹಾಯಕಿ' ಎಂಬುದನ್ನೂ ಹೊಡೆದಿದ್ದೇನೆ. ಉಳಿದದ್ದೆಲ್ಲ ಸರಿಯಾಗಿದೆ, ಅಚ್ಚಿಗೆ ಕೊಡಿ.

ಹಿಲ್ಮಾರ್